ಕೀ ಹಿಡಿದವರೇ ಪಾರ್ಟಿ

2013ರಲ್ಲಿ ನಾನು ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿದ್ದ ಒಂದು ಕಾರ್ ಆಕ್ಸೆಸರೀಸ್ ಅಂಗಡಿಯಲ್ಲಿ ಹೆಡ್ ಫಿಟರ್ ಆಗಿದ್ದೆ. ಸೀಟ್ ಕವರ್, ಮ್ಯಾಟ್, ಹಾರ್ನ್ ಎಲ್ಲ ಬೇರೆಯವರ ಪಾಲು. ಸ್ಟೀರಿಯೊ ಮತ್ತು ಅದರ ವೈರಿಂಗ್ ಮಾತ್ರ ನನ್ನದು. ಆ ಹೊತ್ತಿಗೆ ಈ ಕಸುಬಿನಲ್ಲಿ ಇಪ್ಪತ್ತನಾಲ್ಕು ವರ್ಷ ಕಳೆದಿದ್ದೆ. ಆ ವರ್ಷದ ಜುಲೈನಲ್ಲಿ ನಡೆದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅರ್ಧ ಕೋಪ ಬೇರೆಯವರ ಮೇಲೆ, ಉಳಿದರ್ಧ ನನ್ನ ಮೇಲೆಯೇ.

ಮೊದಲು ಒಂದೆರಡು ಮಾತು ಬಿಡಿಸಿ ಹೇಳಬೇಕು. ಡ್ಯಾಶ್‌ಬೋರ್ಡಿನ ಮಧ್ಯೆ ಕೂತಿರುವ, ಎಲ್ಲರೂ ‘ಸೆಟ್’ ಎಂದು ಕರೆಯುವ ಪೆಟ್ಟಿಗೆಗೆ ಹೆಡ್ ಯೂನಿಟ್ ಎಂದು ಹೆಸರು. ಹಳೆಯ ಕಾರುಗಳಲ್ಲಿ ಅದಕ್ಕೆ ಬಿಟ್ಟಿರುವ ಕಿಂಡಿ ಏಳು ಇಂಚು ಅಗಲ, ಎರಡು ಇಂಚು ಎತ್ತರ. ಇದು ಸಿಂಗಲ್ ಡಿನ್. ಟಚ್ ಸ್ಕ್ರೀನ್ ಇರುವ ಸೆಟ್‌ಗಳು ಇದರ ಎರಡರಷ್ಟು ಎತ್ತರ, ಅಂದರೆ ಡಬಲ್ ಡಿನ್. ಎರಡಿಂಚಿನ ಕಿಂಡಿಯಲ್ಲಿ ನಾಲ್ಕಿಂಚಿನ ಪೆಟ್ಟಿಗೆ ಕೂರುವುದಿಲ್ಲ. ಕೂರಿಸಬೇಕೆಂದರೆ ಡ್ಯಾಶ್‌ಬೋರ್ಡನ್ನೇ ಕುಯ್ಯಬೇಕು. ಅದಕ್ಕೆ ನಮ್ಮಲ್ಲಿ ‘ಕಟಿಂಗ್’ ಎನ್ನುತ್ತಾರೆ. ಒಮ್ಮೆ ಕುಯ್ದರೆ ಮುಗಿಯಿತು, ಹಳೆಯ ಕಾರಿಗೆ ಬೇರೆ ಡ್ಯಾಶ್‌ಬೋರ್ಡ್ ಎಲ್ಲೂ ಹುಟ್ಟುವುದಿಲ್ಲ. ಹೆಬ್ಬಾಳದಿಂದ ಯಶವಂತಪುರದವರೆಗೆ ನನ್ನಷ್ಟು ನೀಟಾಗಿ ಕಟಿಂಗ್ ಮಾಡುವವನಿಲ್ಲ ಎಂದು ಜನ ಹೇಳುತ್ತಿದ್ದರು. ನಾನೂ ಅದನ್ನು ಕೇಳಿ ಉಬ್ಬುತ್ತಿದ್ದೆ.

ಇನ್ನೊಂದು ಮಾತು ‘ಪಾರ್ಟಿ’. ಗಿರಾಕಿಗೆ ಅಂಗಡಿಗಳಲ್ಲಿ ಹಾಗೆನ್ನುವುದು ಎಲ್ಲರಿಗೂ ಗೊತ್ತು. ಆದರೆ ಒಂದು ಕಾರಿನಲ್ಲಿ ಐದು ಜನ ಬಂದಿಳಿದರೆ ಐವರಲ್ಲಿ ಪಾರ್ಟಿ ಯಾರು? ನಮ್ಮ ಮಾಲೀಕ ಮುನಿರಾಜು ಇದನ್ನು ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದ್ದ: ಕೀ ಯಾರ ಕೈಯಲ್ಲಿದೆಯೋ ಅವರೇ ಪಾರ್ಟಿ. ಉಳಿದವರಿಗೆ ಕುರ್ಚಿ ತೋರಿಸು, ನೀರು ಕೊಡು, ಮಾತಾಡಬೇಡ. ಐದು ಜನರನ್ನು ಕೇಳಿದರೆ ಐದು ಅಭಿಪ್ರಾಯ ಬಂದು ವ್ಯಾಪಾರ ಮುರಿಯುತ್ತದೆ ಎನ್ನುವುದು ಅವನ ಲೆಕ್ಕಾಚಾರ. ಮುನಿರಾಜು ನನಗಿಂತ ಹತ್ತು ವರ್ಷ ಚಿಕ್ಕವನು. ಮನೆಯವರ ಜಮೀನು ಲೇಔಟ್ ಆದ ಮೇಲೆ ಅಂಗಡಿ ಇಟ್ಟವನು. ಕೆಟ್ಟವನಲ್ಲ, ಆದರೆ ಅಂಗಡಿಗೆ ಬರುವ ಮನುಷ್ಯರು ಅವನಿಗೆ ಕಾಣುತ್ತಿರಲಿಲ್ಲ, ಕೀಗಳು ಕಾಣುತ್ತಿದ್ದವು. ನನಗೂ ಅದೇ ಅಭ್ಯಾಸವಾಗಿತ್ತು.

ಅದೊಂದು ಶನಿವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ 1999ರ ಮಾಡೆಲ್ ಬಿಳಿ ಕಾರೊಂದು ಬಂತು. ಹದಿನಾಲ್ಕು ವರ್ಷದ ಗಾಡಿ, ಒಂದು ಗೀರಿಲ್ಲ. ಓಡಿಸಿಕೊಂಡು ಬಂದವನು ಮೂವತ್ತೈದರ ಆಸುಪಾಸಿನ ಪ್ರಶಾಂತ್. ಜೊತೆಗೆ ಅವನ ಮಾವ ರಂಗಸ್ವಾಮಿಯವರು, ಅರವತ್ತೈದರ ಮೇಲಿನ ವಯಸ್ಸು, ಕಪ್ಪು ಕನ್ನಡಕ. ಅಳಿಯ ಅವರ ಕೈ ಹಿಡಿದು ಇಳಿಸಿ ಕುರ್ಚಿಯಲ್ಲಿ ಕೂರಿಸಿದ. ಕಣ್ಣಿನ ಪೊರೆ ತೆಗೆಸಿಕೊಂಡವರು ಹೀಗೆ ಕಪ್ಪು ಕನ್ನಡಕದಲ್ಲಿ ಬರುವುದು ದಿನಾ ನೋಡುತ್ತಿದ್ದ ದೃಶ್ಯ. ನಾನು ಎರಡನೇ ಸಲ ಅತ್ತ ನೋಡಲಿಲ್ಲ.

ಹಳೆಯ ಸೆಟ್ ಕೆಟ್ಟಿತ್ತು. ಎಡಗಡೆ ದಪ್ಪನೆಯ ಗುಂಡಿ, ಬಲಗಡೆ ಸ್ಟೇಷನ್ ಹುಡುಕುವ ಇನ್ನೊಂದು ಗುಂಡಿ, ನಡುವೆ ಕ್ಯಾಸೆಟ್ ಬಾಯಿ. ಪ್ರಶಾಂತ್ ಒಳಗೆ ಹೋಗಿ ಮುನಿರಾಜು ತೋರಿಸಿದ ಏಳಿಂಚಿನ ಟಚ್ ಸ್ಕ್ರೀನನ್ನೇ ಆರಿಸಿದ. ಅತ್ತೆ ಗಾಡಿ ಓಡಿಸುವುದು, ವಯಸ್ಸಾಗಿದೆ, ಹಿಂದೆ ತೆಗೆಯುವಾಗ ಕಷ್ಟ, ಆದ್ದರಿಂದ ರಿವರ್ಸ್ ಕ್ಯಾಮೆರಾನೂ ಇರಲಿ ಎಂದ. ಅಳಿಯ ಅಂದರೆ ಹೀಗಿರಬೇಕು ಎಂದು ಮುನಿರಾಜು ಅವನ ಬೆನ್ನು ತಟ್ಟಿದ.

ನಾನು ಡಬ್ಬ ಒಡೆದು ಬ್ಲೇಡ್ ಹಿಡಿದು ಕೂತಾಗ ಕುರ್ಚಿಯಲ್ಲಿದ್ದ ರಂಗಸ್ವಾಮಿಯವರು ಕೇಳಿದರು: “ತಿರುಗಿಸೋದು ಇರುತ್ತೇನಪ್ಪಾ ಅದ್ರಲ್ಲಿ?”

ನಾನು ತಲೆ ಎತ್ತದೆಯೇ ಹೇಳಿದೆ: “ತಿರುಗಿಸೋದೆಲ್ಲ ಹಳೇ ಕಾಲ ಆಯ್ತು ಸರ್. ಈಗೆಲ್ಲ ಟಚ್ಚು. ಬೆರಳಿಟ್ರೆ ಸಾಕು.”

“ಎಲ್ಲಿಡ್ಬೇಕು ಅಂತ ಹೆಂಗ್ ಗೊತ್ತಾಗುತ್ತೆ?”

“ಅಲ್ಲೇ ಬರೆದಿರುತ್ತೆ ಸರ್.”

ಆಮೇಲೆ ಅವರು ಎರಡೂವರೆ ಗಂಟೆ ಅದೇ ಕುರ್ಚಿಯಲ್ಲಿ ಕೂತಿದ್ದರು. ನಾನು ಕುಯ್ದೆ, ಅರ ಹಾಕಿ ಅಂಚು ನಯ ಮಾಡಿದೆ, ಸೆಟ್ ಕೂರಿಸಿದೆ, ಹಿಂದೆ ನಂಬರ್ ಪ್ಲೇಟಿನ ಮೇಲೆ ಕ್ಯಾಮೆರಾ ಬಿಗಿದೆ. ಕೆಲಸ ಅಷ್ಟು ಚೆನ್ನಾಗಿ ಬಂದಿತ್ತು ಎಂದರೆ ಮೊಬೈಲಿನಲ್ಲಿ ಅದರ ಫೋಟೊ ಬೇರೆ ತೆಗೆದುಕೊಂಡೆ.

ಹನ್ನೊಂದು ದಿನ ಬಿಟ್ಟು, ಬುಧವಾರ ಬೆಳಿಗ್ಗೆ ಅಂಗಡಿ ತೆಗೆದು ಕಸ ಗುಡಿಸುತ್ತಿದ್ದಾಗ ಅದೇ ಬಿಳಿ ಕಾರು ಬಂದು ನಿಂತಿತು. ಅರವತ್ತರ ಹೆಂಗಸೊಬ್ಬರು ಇಳಿದು ಬಾಗಿಲನ್ನು ಬೀದಿಗೆಲ್ಲ ಕೇಳುವಂತೆ ಹಾಕಿದರು. ಅವರೇ ರಂಗಸ್ವಾಮಿಯವರ ಹೆಂಡತಿ ಇಂದಿರಮ್ಮ.

“ಯಾರ್ರೀ ಇಲ್ಲಿ ಸ್ಟೀರಿಯೊ ಹಾಕೋದು?”

ನಾನೇ ಎಂದೆ. ಏನಾದರೂ ವೈರ್ ಸಡಿಲವಾಗಿರಬೇಕು ಎಂದುಕೊಂಡು ಟೆಸ್ಟರ್ ಜೇಬಿಗೆ ಹಾಕಿಕೊಂಡೇ ಹೋಗಿದ್ದೆ.

“ನಮ್ಮ ಯಜಮಾನ್ರಿಗೆ ಎರಡೂ ಕಣ್ಣು ಕಾಣಲ್ಲ. ಆರು ವರ್ಷ ಆಯ್ತು. ಎರಡೂವರೆ ಗಂಟೆ ನಿಮ್ಮ ಕಣ್ಣೆದುರಿಗೆ ಕೂತಿದ್ರಲ್ಲ, ಒಬ್ರಿಗಾದ್ರೂ ಗೊತ್ತಾಗ್ಲಿಲ್ವಾ? ನಿಮಗೂ ಕಾಣಲ್ವಾ?”

ಆಕೆ ನಿಲ್ಲಿಸಲಿಲ್ಲ, ನಿಲ್ಲಿಸುವ ಅಗತ್ಯವೂ ಇರಲಿಲ್ಲ. ರಂಗಸ್ವಾಮಿಯವರು ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದವರು. ಗ್ಲಾಕೋಮಾದಿಂದ ಕಣ್ಣು ಹೋದ ಮೇಲೆ ಇಂದಿರಮ್ಮ ಐವತ್ತನಾಲ್ಕನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತರು. ಅಂದಿನಿಂದ ಗಂಡ ಹೆಂಡತಿ ನಡುವೆ ಒಂದು ಒಪ್ಪಂದ: ಸ್ಟೀರಿಂಗ್ ಆಕೆಯದು, ರೇಡಿಯೊ ಅವರದು. ಯಾವ ಸ್ಟೇಷನ್, ಎಷ್ಟು ಸದ್ದು, ಯಾವಾಗ ಬಂದ್, ಆಕೆ ತಲೆ ಹಾಕುವಂತಿಲ್ಲ. ಸೋಮವಾರ ಮತ್ತು ಗುರುವಾರ ಹೆಬ್ಬಾಳದ ಹತ್ತಿರದ ಒಂದು ತರಬೇತಿ ಕೇಂದ್ರಕ್ಕೆ ಇಬ್ಬರೂ ಹೋಗುತ್ತಿದ್ದರು. ಅಲ್ಲಿ ಅವರು ಕಲಿಯಲು ಬಂದವರಿಗೆ ಕೂದಲೆಳೆಯ ದಪ್ಪವನ್ನೂ ಅಳೆಯುವ ಮೈಕ್ರೋಮೀಟರ್ ಹಿಡಿಯುವುದನ್ನು ಹೇಳಿಕೊಡುತ್ತಿದ್ದರು.

ಹೊಸ ಸೆಟ್ ಬಂದ ಮೇಲೆ ರಂಗಸ್ವಾಮಿಯವರ ಬೆರಳಿಗೆ ಸಿಕ್ಕಿದ್ದು ಬರೀ ನುಣ್ಣನೆಯ ಗಾಜು. ಎಲ್ಲಿ ಮುಟ್ಟಿದರೆ ಏನಾಗುತ್ತದೋ ತಿಳಿಯದು. ಅವರು ದಿನಾ ಕೇಳುತ್ತಿದ್ದ ಮೀಡಿಯಂ ವೇವ್ ಸ್ಟೇಷನ್ ಅದರಲ್ಲಿ ಬರುತ್ತಲೇ ಇರಲಿಲ್ಲ. ಆ ಸೆಟ್‌ನಲ್ಲಿ ಇದ್ದದ್ದು ಎಫ್.ಎಂ. ಮಾತ್ರ. ಕಳೆದ ಗುರುವಾರ ಹೆಬ್ಬಾಳದ ಫ್ಲೈಓವರ್ ಮೇಲೆ ಅವರು ತಡಕಾಡಿ ಏನನ್ನೋ ಒತ್ತಿ, ಕಿವಿ ಹರಿಯುವಷ್ಟು ಸದ್ದು ಬಂದು, ಇಂದಿರಮ್ಮ ಅದನ್ನು ಆರಿಸಲು ರಸ್ತೆಯಿಂದ ಕಣ್ಣು ತೆಗೆದರಂತೆ. ಬಸ್ಸೊಂದು ಪಕ್ಕದಲ್ಲೇ ಸವರಿಕೊಂಡು ಹೋಯಿತಂತೆ.

“ಅವತ್ತು ಮನೆಗೆ ಬಂದು ಇಳಿದವರು ಮತ್ತೆ ಗಾಡಿ ಹತ್ತಿಲ್ಲ. ಸೋಮವಾರ ಕ್ಲಾಸಿಗೆ ಹೋಗ್ಲಿಲ್ಲ. ನಾಳೆ ಗುರುವಾರ, ನಾಳೇನೂ ಬರಲ್ಲ ಅಂತಾರೆ. ‘ಲಗೇಜ್ ಥರ ಕೂತ್ಕೊಳ್ಳೋಕೆ ನಾನ್ಯಾಕೆ ಬರ್ಲಿ’ ಅಂತಾರೆ. ಆಟೋದಲ್ಲಿ ಹೋಗೋಣ ಅಂದ್ರೂ ಏಳಲ್ಲ. ಎರಡು ಸಲ ತಪ್ಪಿದ್ರೆ ಆ ಸೆಂಟರಿನವರು ಬೇರೆ ಯಾರನ್ನೋ ನೋಡ್ಕೋತಾರೆ. ಆಮೇಲೆ ಆ ಮನುಷ್ಯ ಮನೆ ಬಿಟ್ಟು ಎದ್ದು ಬರೋಕೆ ಏನ್ರೀ ಉಳಿಯುತ್ತೆ?”

ಅಳುತ್ತಾರೇನೋ ಎಂದುಕೊಂಡೆ. ಅಳಲಿಲ್ಲ. ಹಳೆಯ ಸೆಟ್ ಎಲ್ಲಿ ಎಂದು ಕೇಳಿದರು. ಅದನ್ನು ಗುಜರಿಗೆ ಕೊಟ್ಟು ವಾರವಾಗಿತ್ತು.

ಅಷ್ಟರಲ್ಲಿ ಮುನಿರಾಜು ಬಂದ. ವಿಷಯ ಕೇಳಿ ಎರಡೂ ಕೈ ಎತ್ತಿದ. “ಅಮ್ಮಾ, ನಿಮ್ಮ ಅಳಿಯಂದಿರೇ ಸೆಲೆಕ್ಟ್ ಮಾಡಿದ್ದು. ಫಿಟ್ಟಾದ ಪೀಸ್ ವಾಪಸ್ ತಗೊಳಾಕಾಗಲ್ಲ. ಇಂಗೆ ಎಲ್ರದೂ ತಗೊಂಡ್ರೆ ನಾನು ಅಂಗ್ಡಿ ಮುಚ್ಕೊಂಡ್ ಓಗ್ಬೇಕಾಯ್ತದೆ.”

ನನಗೆ ಪಿತ್ತ ನೆತ್ತಿಗೇರಿತು. “ಅವರು ನನ್ನ ಕೇಳಿದ್ರು ಮುನಿರಾಜಣ್ಣ. ತಿರುಗಿಸೋದು ಇರುತ್ತಾ ಅಂತ ಬಾಯಿಬಿಟ್ಟು ಕೇಳಿದ್ರು.”

“ಅವ್ರೇನು ಪಾರ್ಟಿನಾ?” ಎಂದ ಮುನಿರಾಜು.

ಇಷ್ಟು ವರ್ಷಗಳಲ್ಲಿ ಎಷ್ಟೋ ಜನ ಎಷ್ಟೋ ಕೆಟ್ಟ ಮಾತು ಆಡಿದ್ದನ್ನು ಕೇಳಿದ್ದೇನೆ. ಆ ಎರಡು ಪದದಷ್ಟು ಕೋಪ ಯಾವುದೂ ತರಿಸಿಲ್ಲ. ಯಾಕೆಂದರೆ ಅದು ಅವನ ಮಾತಷ್ಟೇ ಆಗಿರಲಿಲ್ಲ. ಆ ಶನಿವಾರ ತಲೆ ಎತ್ತದೆ ಉತ್ತರ ಕೊಟ್ಟಾಗ ನಾನು ಮಾಡಿದ್ದೂ ಅದನ್ನೇ. ಪ್ರಶಾಂತ್‌ಗೆ ಫೋನ್ ಮಾಡಿ, ಅವರಿಗೆ ಕಾಣುವುದಿಲ್ಲ ಎಂದು ಯಾಕೆ ಹೇಳಲಿಲ್ಲ ಎಂದು ರೇಗಿದೆ. “ಹೇಳೋದೇನಿದೆ ಸರ್? ಡ್ರೈವ್ ಮಾಡೋದು ಅತ್ತೆ ಅಲ್ವಾ? ಮಾವ ಸುಮ್ನೆ ಪಕ್ಕ ಕೂತಿರ್ತಾರೆ” ಎಂದ. ಪ್ರೀತಿಯಿಂದಲೇ ತಂದುಕೊಟ್ಟವನಿಗೆ ಇದರಲ್ಲಿ ತಪ್ಪೇನು ಎಂಬುದೇ ತಿಳಿದಿರಲಿಲ್ಲ. ಬೈದು ಪ್ರಯೋಜನವಿಲ್ಲ ಎಂದು ಫೋನ್ ಇಟ್ಟೆ.

ನಮ್ಮ ಗೋಡೌನಿನ ಕೆಳಗಿನ ರ‍್ಯಾಕಿನಲ್ಲಿ ಗುಂಡಿ ಇರುವ ಸಿಂಗಲ್ ಡಿನ್ ಸೆಟ್‌ಗಳು ಧೂಳು ಹಿಡಿದು ಬಿದ್ದಿದ್ದವು. ಶೋಕೇಸಿನಲ್ಲಿ ಅವನ್ನು ಇಡುವುದನ್ನೇ ಬಿಟ್ಟಿದ್ದೆವು. ಕೇಳಿದ್ದಕ್ಕೆ ಮುನಿರಾಜು, “ಆ ಕಸ ಬೇಕಾದ್ರೆ ತಗೊಂಡೋಗು” ಎಂದ. ಕೂತು ಒಂದೊಂದನ್ನೇ ನೋಡಿದೆ. ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ‘50 ವ್ಯಾಟ್ಸ್ × 4’ ಎಂಬುದನ್ನು ನಾನು ಎಂದೂ ನಂಬಿದವನಲ್ಲ. ಅದು ಕ್ಷಣಮಾತ್ರ ಮುಟ್ಟಬಹುದಾದ ತುದಿ. ನಿಂತು ದುಡಿಯುವ ಶಕ್ತಿ ಅದರ ಅರ್ಧವೂ ಇರುವುದಿಲ್ಲ. ಹಳೆಯ ಕಾರಿನ ಹಳೆಯ ಸ್ಪೀಕರುಗಳಿಗೆ ಅಷ್ಟು ಧಾರಾಳವಾಯಿತು. ನೋಡಬೇಕಾದದ್ದು ಬೇರೆ: ಮೀಡಿಯಂ ವೇವ್ ಇದೆಯೇ, ಗುಂಡಿ ಬೆರಳಿಗೆ ಸಿಗುತ್ತದೆಯೇ, ಕೀ ತೆಗೆದರೂ ಸ್ಟೇಷನ್ ನೆನಪಿನಲ್ಲಿ ಉಳಿಯುತ್ತದೆಯೇ. ಹನ್ನೊಂದು ಸೆಟ್‌ನಲ್ಲಿ ಮೂರು ಪಾಸಾದವು. ಮೂರನ್ನೂ ಸ್ಕೂಟರಿಗೆ ಕಟ್ಟಿಕೊಂಡು, ಕ್ಯಾಮೆರಾ ಉಳಿಸಿಕೊಡಲು ಕನ್ನಡಿಗೆ ಸಿಕ್ಕಿಸುವ ಒಂದು ಸಣ್ಣ ಸ್ಕ್ರೀನನ್ನೂ ಚೀಲಕ್ಕೆ ಹಾಕಿಕೊಂಡು, ಇಂದಿರಮ್ಮ ಕೊಟ್ಟುಹೋಗಿದ್ದ ವಿಳಾಸ ಹಿಡಿದು ಮಧ್ಯಾಹ್ನ ಮೂರಕ್ಕೆ ವಿದ್ಯಾರಣ್ಯಪುರದ ಅವರ ಮನೆಗೆ ಹೋದೆ.

ರಂಗಸ್ವಾಮಿಯವರು ಹಜಾರದಲ್ಲಿ ಕೂತಿದ್ದರು. ನನ್ನ ದನಿ ಕೇಳಿದ ಕೂಡಲೇ ಗುರುತು ಹಿಡಿದರು.

“ಬೆರಳಿಟ್ರೆ ಸಾಕು ಅಂದವನು ನೀನೇ ಅಲ್ವಾ? ಎದ್ದು ಹೋಗಪ್ಪಾ. ನಿನ್ನ ಸೆಟ್ಟೂ ಬೇಡ, ಆ ಕಾರೂ ಬೇಡ ನನಗೆ.”

“ತಪ್ಪಾಯ್ತು ಸರ್.”

“ತಪ್ಪಾಯ್ತು ಅನ್ನೋದು ಸುಲಭ. ಕುಯ್ದಿರೋದು ಕೂಡುತ್ತಾ?”

“ಕೂಡಲ್ಲ” ಎಂದೆ. ಬಹುಶಃ ನಾನು ಸಮಾಧಾನ ಹೇಳದೆ ಇದ್ದದ್ದೇ ಒಳ್ಳೆಯದಾಯಿತು. ಅವರು ಎದ್ದು ನಿಂತು, ಕಾರಿನ ಹತ್ತಿರ ಕರೆದುಕೊಂಡು ಹೋಗು ಎಂದರು. ಮುಂದಿನ ಸೀಟಿನಲ್ಲಿ ಕೂತು ನಾನು ಕುಯ್ದ ಅಂಚಿನ ಸುತ್ತ ನಿಧಾನವಾಗಿ ಬೆರಳು ಓಡಿಸಿದರು. ನಾಲ್ಕೂ ಮೂಲೆಗಳಲ್ಲಿ ಉಗುರು ನಿಲ್ಲಿಸಿ ನೋಡಿದರು.

“ಕೈ ಚೆನ್ನಾಗಿದೆ ನಿನಗೆ” ಎಂದರು. “ಕಿವಿ ಸರಿ ಇಲ್ಲ.”

ಸರ್ಟಿಫಿಕೇಟು ಕೊಟ್ಟು ಕೆನ್ನೆಗೂ ಕೊಟ್ಟ ಹಾಗಾಯಿತು. ಫೋಟೊ ತೆಗೆದುಕೊಂಡಿದ್ದು ನೆನಪಾಗಿ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸಿತು.

ನಾನು ಮೂರು ಸೆಟ್‌ಗಳನ್ನೂ ಅವರ ತೊಡೆಯ ಮೇಲೆ ಒಂದಾದ ಮೇಲೊಂದು ಇಟ್ಟೆ. ಮೊದಲನೆಯದು ನನಗೆ ಇಷ್ಟವಾದದ್ದು, ಹೊಳೆಯುವ ದೊಡ್ಡ ಗುಂಡಿ. ಅವರು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, “ಷಾಫ್ಟ್ ಆಡ್ತಿದೆ. ಆರು ತಿಂಗಳಿಗೆ ಬಿದ್ದುಹೋಗುತ್ತೆ” ಎಂದು ವಾಪಸ್ ಕೊಟ್ಟರು. ನಾನು ಕಣ್ಣು ಅಗಲಿಸಿ ನೋಡಿದರೂ ಅಲ್ಲಾಟ ಕಾಣಲಿಲ್ಲ. ಎರಡನೆಯದರ ಬಟನ್‌ಗಳೆಲ್ಲ ಒಂದೇ ಮಟ್ಟದಲ್ಲಿ ನುಣ್ಣಗಿದ್ದವು. “ಇದನ್ನ ಡಿಸೈನ್ ಮಾಡಿದವನ ಕೈಗೆ ಗ್ಲೌಸ್ ಹಾಕಿ ಕೂರಿಸ್ಬೇಕು” ಎಂದು ಬೈದರು. ಮೂರನೆಯದನ್ನು ನಾನು ಸಂಖ್ಯೆಗೆಂದು ತಂದಿದ್ದೆ. ನೋಡಲು ಮಂಕು, ಬಣ್ಣ ಬೂದಿ. ಅದರ ಗುಂಡಿ ತಿರುಗಿಸಿದರೆ ಒಂದೊಂದು ಹೆಜ್ಜೆಗೂ ಸಣ್ಣಗೆ ಕಟಕ್ ಎನ್ನುತ್ತಿತ್ತು. ಸ್ಟೇಷನ್ ಬಟನ್ ಆರು. ಐದನೆಯದರ ಮೇಲೆ ಸಾಸಿವೆ ಕಾಳಿನಷ್ಟು ಉಬ್ಬು. ಅವರು ಗುಂಡಿಯನ್ನು ಹಿಂದಕ್ಕೂ ಮುಂದಕ್ಕೂ ಎಣಿಸುತ್ತ ತಿರುಗಿಸಿದರು.

“ಎಷ್ಟು ಕ್ಲಿಕ್ಕಿಗೆ ನನ್ನ ಸೌಂಡು ಅಂತ ಎಣಿಸ್ಕೋಬಹುದು. ಇದನ್ನ ಹಾಕು.”

ಸಿಂಗಲ್ ಡಿನ್ ಸೆಟ್ಟನ್ನು ಮೇಲಿನ ಅರ್ಧದಲ್ಲಿ ಕೂರಿಸಿ, ಕೆಳಗಿನ ಎರಡಿಂಚಿನ ಖಾಲಿಗೆ ಪ್ಲಾಸ್ಟಿಕ್ ಪಾಕೆಟ್ ಇಟ್ಟೆ. ಇಂದಿರಮ್ಮ ಬಿಚ್ಚಿದ ಟಚ್ ಸ್ಕ್ರೀನನ್ನು ಟವೆಲಿನಲ್ಲಿ ಸುತ್ತಿ, ಅಳಿಯನ ಕಾರಿಗೇ ಹಾಕಿಕೊಳ್ಳಲಿ ಎಂದು ಎತ್ತಿಟ್ಟರು. ಐದೂವರೆಗೆ ಕೆಲಸ ಮುಗಿಯಿತು. ರಂಗಸ್ವಾಮಿಯವರು ಸ್ಟೇಷನ್ ಹುಡುಕಿ, ಉಬ್ಬಿರುವ ಬಟನ್ ಮೇಲೆ ಅದನ್ನು ಕೂರಿಸಿದರು. ನಾನು ಸಹಾಯಕ್ಕೆ ಕೈ ಚಾಚಿದ್ದಕ್ಕೆ ಮೊಣಕೈಯಿಂದ ತಳ್ಳಿದರು.

ಪರೀಕ್ಷೆಗೆಂದು ಇಂದಿರಮ್ಮ ಬಡಾವಣೆಯಲ್ಲಿ ಒಂದು ಸುತ್ತು ಹೊಡೆದರು. ನಾನು ಹಿಂದಿನ ಸೀಟಿನಲ್ಲಿದ್ದೆ. ವಾಪಸ್ ಬಂದು ಕಾಂಪೌಂಡಿನೊಳಗೆ ಹಿಮ್ಮುಖವಾಗಿ ತರಬೇಕಿತ್ತು. ಗೇಟು ಕಿರಿದು, ಒಳಗೆ ಗೋಡೆ. ಗಾಡಿ ನಿಂತಿದ್ದೇ ತಡ, ರಂಗಸ್ವಾಮಿಯವರು ಬಾಗಿಲು ತೆಗೆದು ಇಳಿದರು. ನಾನು ಗಾಬರಿಯಾಗಿ, “ಸರ್, ಇರಿ, ನಾನ್ ನೋಡ್ತೀನಿ” ಎಂದು ಎದ್ದೆ.

“ನೀವು ಕೂತ್ಕೊಳ್ರೀ” ಎಂದರು ಇಂದಿರಮ್ಮ, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ.

ರಂಗಸ್ವಾಮಿಯವರು ಕಾರಿನ ಮೈಮೇಲೆ ಅಂಗೈ ಸವರಿಕೊಂಡು ಹಿಂದಕ್ಕೆ ನಡೆದರು. ಒಂದು ಕೈ ಗೇಟಿನ ಕಂಬದ ಮೇಲೆ, ಇನ್ನೊಂದು ಡಿಕ್ಕಿಯ ಮೂಲೆಯ ಮೇಲೆ. “ಬಾ... ಬಾ... ಎಡಕ್ಕೆ ತಿರುಗಿಸು... ನೆಟ್ಟಗೆ ಮಾಡ್ಕೋ... ಬಾ...” ಗಾಡಿಯ ಜೊತೆಗೇ ಪಕ್ಕಕ್ಕೆ ಹೆಜ್ಜೆ ಹಾಕುತ್ತ, ಕಂಬ ಬಿಟ್ಟು ಗೋಡೆ ಹಿಡಿದರು. “ಇನ್ನೊಂದು ಗೇಣು... ಸಾಕು!” ಡಿಕ್ಕಿಗೆ ಎರಡು ತಟ್ಟು. ಇಳಿದು ನೋಡಿದೆ. ಗೋಡೆಗೂ ಬಂಪರಿಗೂ ನಡುವೆ ನಾಲ್ಕು ಬೆರಳು.

“ಯಾವಾಗ್ಲೂ ಹೀಗೇನಾ ಅಮ್ಮ?” ಎಂದು ಕೇಳಿದೆ.

“ಮತ್ತೆ? ಮೊನ್ನೆವರೆಗೂ, ಆರು ವರ್ಷ, ಇವರು ಸಾಕು ಅನ್ನದೆ ಗಾಡಿ ಒಳಗೆ ತಂದವಳಲ್ಲ ನಾನು. ಆ ಕ್ಯಾಮೆರಾ ಬಂದ ದಿನದಿಂದ ಇಳಿಯೋದನ್ನೇ ಬಿಟ್ಟಿದ್ರು.”

ಚೀಲದಲ್ಲಿದ್ದ ಸಣ್ಣ ಸ್ಕ್ರೀನ್ ಚೀಲದಲ್ಲೇ ಉಳಿಯಿತು. ಆ ಶನಿವಾರ ನಾನು ಆ ಮನುಷ್ಯನಿಂದ ಕಿತ್ತುಕೊಂಡದ್ದು ಒಂದು ಕೆಲಸವನ್ನಲ್ಲ, ಎರಡನ್ನು. ಯಾರೂ ಹೇಳದೆಯೇ ಸ್ಕ್ರೂಡ್ರೈವರ್ ತೆಗೆದು ನಂಬರ್ ಪ್ಲೇಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಕ್ಯಾಮೆರಾ ಬಿಚ್ಚತೊಡಗಿದೆ. ಸದ್ದು ಕೇಳಿ ರಂಗಸ್ವಾಮಿಯವರು ಹತ್ತಿರ ಬಂದರು.

“ಏನ್ ಬಿಚ್ತಿದ್ದೀಯಪ್ಪಾ?”

“ಬೇಡದ್ದು ಸರ್.”

“ಬಿಚ್ಚು” ಎಂದು ಅಲ್ಲೇ ನಿಂತರು, ಕೊನೆಯ ಸ್ಕ್ರೂ ಬರುವವರೆಗೆ.

ಮರುದಿನ ಗುರುವಾರ ಒಂಬತ್ತೂವರೆಗೆ ಇಂದಿರಮ್ಮ ಫೋನ್ ಮಾಡಿದರು. ಗೇಟಿನ ಮುಂದೆ ಗಾಡಿ ನಿಲ್ಲಿಸಿಕೊಂಡು ಮಾಡಿದ್ದಂತೆ. ಕ್ಲಾಸಿಗೆ ಹೊರಟಿದ್ದೇವೆ ಎಂದಷ್ಟೇ ಹೇಳಲು ಹೋದರು, ರೇಡಿಯೊ ಸದ್ದಿನಲ್ಲಿ ಅರ್ಧ ಮಾತು ಕೇಳಲಿಲ್ಲ. “ರೀ, ಸ್ವಲ್ಪ ಕಮ್ಮಿ ಮಾಡ್ರೀ, ಫೋನಲ್ಲಿದ್ದೀನಿ!” ಎಂದು ಕೂಗಿದ್ದು ಕೇಳಿಸಿತು. “ಮಾಡಲ್ಲ ಹೋಗೇ” ಎಂದದ್ದೂ ಕೇಳಿಸಿತು.

ಮುನಿರಾಜುವಿನ ಜೊತೆ ನನ್ನ ಜಗಳ ಅಲ್ಲಿಗೆ ಮುಗಿಯಲಿಲ್ಲ. ಗುಂಡಿಯ ಸೆಟ್ ಎರಡನ್ನಾದರೂ ಶೋಕೇಸಿನಲ್ಲಿ ಇಡು ಎಂದರೆ ಇಡಲಿಲ್ಲ. ಮುಂದಿನ ವರ್ಷ ನಾನು ಅವನನ್ನು ಬಿಟ್ಟು ಯಲಹಂಕದಲ್ಲಿ ಒಬ್ಬನೇ ಕೆಲಸ ಶುರುಮಾಡಿದೆ. ಹೊಸ ಕಾರುಗಳಲ್ಲಿ ಏ.ಸಿ. ಕೂಡ ಗಾಜಿನೊಳಗೆ ಸೇರಿಕೊಳ್ಳುತ್ತಿರುವುದನ್ನು ನೋಡಿದಾಗ, ಇದನ್ನು ಮಾಡಿದವರು ಯಾರ ಕೈಯನ್ನು ನೆನೆದು ಮಾಡಿದರು ಎಂದು ಸಿಟ್ಟು ಉಕ್ಕುತ್ತದೆ.

2019ರಲ್ಲಿ ಕಸುಬು ಬಿಡುವವರೆಗೂ ಒಂದು ಕ್ರಮ ತಪ್ಪಿಸಲಿಲ್ಲ. ಹಳೆಯ ಸೆಟ್ಟಿನ ಮೊದಲ ಸ್ಕ್ರೂ ಬಿಚ್ಚುವ ಮುಂಚೆ ಉಪಕರಣ ಕೆಳಗಿಟ್ಟು, ತಲೆ ಎತ್ತಿ, ಕಾರಿನಲ್ಲಿ ಬಂದ ಎಲ್ಲರನ್ನೂ ನೋಡಿ ಕೇಳುತ್ತಿದ್ದೆ: ಇದನ್ನ ಮುಟ್ಟೋರು ಯಾರು? ಕೀ ಹಿಡಿದವರು ಬಾಯಿ ತೆರೆಯುವಷ್ಟರಲ್ಲಿ ಅವರ ಬೆನ್ನ ಹಿಂದಿನಿಂದ ಇನ್ಯಾರೋ ‘ನಾನು’ ಎಂದದ್ದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.